ನೆತ್ತಿ ಹಿಡಿಯುವ ಕೆಲಸ

ಬೆಳಗ್ಗೆ ಎಂಟೂವರೆ ಆಗುತ್ತಿದ್ದಂತೆ ಬೆಂಗಳೂರಿನ ಪೀಣ್ಯದ ಒಳರಸ್ತೆಗಳಲ್ಲಿ ಶಟರುಗಳು ಏಳತೊಡಗುತ್ತವೆ. ಒಂದರ ಹಿಂದೆ ಒಂದು ಗಡಗಡ ಸದ್ದು. ಜಾಲಹಳ್ಳಿ, ದಾಸರಹಳ್ಳಿ, ಲಗ್ಗೆರೆ ಕಡೆಯಿಂದ ನಡೆದು ಬಂದವರು, ಬೈಕಿನಲ್ಲಿ ಬಂದವರು, ಮೆಟ್ರೊ ಇಳಿದು ಬಂದವರು ಊಟದ ಡಬ್ಬಿ ಹಿಡಿದು ತಮ್ಮ ತಮ್ಮ ಶೆಡ್ಡು ಸೇರುತ್ತಾರೆ. ತಿರುವಿನ ಟೀ ಗಾಡಿಯ ಮುಂದೆ ಕನ್ನಡ, ತಮಿಳು, ಹಿಂದಿ, ಒಡಿಯಾ ಒಟ್ಟಿಗೆ ಕೇಳಿಸುತ್ತವೆ. ಒಂಬತ್ತರ ಹೊತ್ತಿಗೆ ಮಾತೆಲ್ಲ ಮುಳುಗಿ ಮೋಟಾರುಗಳ ಗುಂಯ್‌ಗುಟ್ಟುವಿಕೆ ಮೇಲೇಳುತ್ತದೆ. ಬ್ಯಾಂಡ್ ಸಾ ಒಂದು ಕಡೆ ಎಳೆಯುತ್ತಿರುತ್ತದೆ, ಪವರ್ ಪ್ರೆಸ್ ಇನ್ನೊಂದು ಕಡೆ ಕುಟ್ಟುತ್ತಿರುತ್ತದೆ.

ಇಂಥ ಒಂದು ಶೆಡ್ಡು. ಲಾರಿಯೊಂದು ಹಿಮ್ಮುಖವಾಗಿ ಬಂದು ನಿಂತರೆ ಬಾಗಿಲೇ ಮುಚ್ಚಿಹೋಗುವಷ್ಟು ಅಗಲ. ಒಳಗೆ ಕಾಲಿಟ್ಟರೆ ಮೊದಲು ಮೂಗಿಗೆ ಬಡಿಯುವುದು ಹಳತಾದ ಕೂಲೆಂಟಿನ ಹುಳಿ ವಾಸನೆ. ಅದರ ಹಿಂದೆಯೇ ಊದುಬತ್ತಿಯದು. ಎಡಗಡೆ ಎರಡು ಲೇತು. ಬಲಗಡೆ ಬೆಂಚಿನ ಮೇಲೆ ಸಾಲಾಗಿ ಮೂರು ಸಣ್ಣ ಡ್ರಿಲ್ಲಿಂಗ್ ಮಷೀನು, ಹಸಿರು ಬಣ್ಣ ಹೋಗಿ ಹಿಡಿಕೆಯ ಜಾಗದಲ್ಲಿ ಬರಿಯ ಎರಕ ಹೊಳೆಯುತ್ತಿದೆ. ಮೂಲೆಯಲ್ಲಿ ಕಪ್ಪು ಗ್ರಾನೈಟಿನ ಸರ್ಫೇಸ್ ಪ್ಲೇಟು, ಅದರ ಮೇಲೆ ಹಳೆಯ ಪಂಚೆಯ ಹೊದಿಕೆ. ಅದರ ಮೇಲೆ ಟೀ ಲೋಟ ಇಟ್ಟವನಿಗೆ ಆವತ್ತು ಬೈಗುಳ ಗ್ಯಾರಂಟಿ.

ನಡುವಿನ ಬೆಂಚಿನ ಮೇಲೆ ಒಂದು ಕಬ್ಬಿಣದ ಟ್ರೇ. ಅದರ ತುಂಬ ಎಂಟು ಮಿಲಿಮೀಟರ್ ದಪ್ಪದ ಪಿನ್ನುಗಳು. ಕಿರುಬೆರಳಿಗಿಂತ ಸಪೂರ, ಒಂದು ತುದಿಗೆ ಚಪ್ಪಟೆ ತಲೆ, ಇನ್ನೊಂದು ತುದಿ ಬೋಳು. ಲೇತಿನಿಂದ ಈಗಷ್ಟೇ ಇಳಿದಿರುವುದರಿಂದ ಎಣ್ಣೆಯ ಪಸೆ ಆರಿಲ್ಲ. ಈ ಬೋಳು ತುದಿಯ ಹತ್ತಿರ ಎರಡು ಮಿಲಿಮೀಟರಿನ ತೂತೊಂದು ಈ ಪಕ್ಕದಿಂದ ಆ ಪಕ್ಕಕ್ಕೆ ಅಡ್ಡಲಾಗಿ ಹಾಯಬೇಕು. ಹಾಯುವಾಗ ಪಿನ್ನಿನ ನಟ್ಟನಡುವೆಯೇ ಹಾಯಬೇಕು. ಡ್ರಾಯಿಂಗಿನಲ್ಲಿ ನೋಡಿದರೆ ಒಂದು ಸಣ್ಣ ವೃತ್ತ, ಎರಡು ಚುಕ್ಕಿಗೆರೆ, ಎರಡು ಅಂಕಿ. ಅಷ್ಟೇ. ನಡುವಿನಿಂದ ‘ಪಾಯಿಂಟ್ ಒನ್’ ಮೀರಬಾರದು ಅನ್ನುವುದು ಕರಾರು, ಅಂದರೆ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ.

ಈ ಪಿನ್ನಿಗೆ ಕ್ಲೆವಿಸ್ ಪಿನ್ ಎಂದು ಹೆಸರು. ಬ್ರೇಕಿನ ಕೊಂಡಿಯಲ್ಲೋ, ಟ್ರ್ಯಾಕ್ಟರಿನ ಲಿಂಕೇಜಿನಲ್ಲೋ ಎರಡು ತುಂಡುಗಳನ್ನು ಪೋಣಿಸಿ ಹಿಡಿಯುವುದು ಇದರ ಕೆಲಸ. ಅಡ್ಡತೂತಿಗೆ ಸ್ಪ್ಲಿಟ್ ಪಿನ್ ತೂರಿಸಿ ಅದರ ಎರಡು ಕಾಲನ್ನು ಮಡಿಸಿಬಿಟ್ಟರೆ ಕೊಂಡಿ ಕಳಚುವುದಿಲ್ಲ. ಇಂಥ ಜಾಗದಲ್ಲಿ ತೂತು ಒಂದಿಷ್ಟು ಓರೆಯಾದರೂ ಕೆಲಸ ನಡೆದೀತು. ಆದರೆ ಇದೇ ಮಷೀನಿಗೆ ನಾಳೆ ಬರುವ ಜಾಬು ಬೇರೆ. ಸಣ್ಣ ಶಾಫ್ಟೊಂದಕ್ಕೆ ಗೇರನ್ನು ಅಡ್ಡಪಿನ್ನಿನಿಂದ ಬಿಗಿಯಬೇಕು. ಗೇರಿನ ಹಬ್ಬಿನ ತೂತು, ಶಾಫ್ಟಿನ ತೂತು ಒಂದೇ ನೇರಕ್ಕೆ ಬರದಿದ್ದರೆ ಪಿನ್ ಒಳಗೇ ಹೋಗುವುದಿಲ್ಲ. ಸುತ್ತಿಗೆಯಿಂದ ಬಡಿದು ತೂರಿಸಿದರೆ ಗೇರೇ ವಾಲುತ್ತದೆ. ಅದರಾಚೆಯದು ಹೈಡ್ರಾಲಿಕ್ ವಾಲ್ವಿನ ಸ್ಪೂಲು. ಅದರ ಅಡ್ಡತೂತುಗಳಲ್ಲಿ ಎಣ್ಣೆ ಹರಿಯುತ್ತದೆ, ತೂತಿನ ಬಾಯಿ ಯಾವಾಗ ತೆರೆಯಬೇಕು ಯಾವಾಗ ಮುಚ್ಚಬೇಕು ಎಂಬುದು ಅದರ ಜಾಗದ ಮೇಲೆಯೇ ನಿಂತಿದೆ. ಹೀಗಾಗಿ ಸ್ಪ್ಲಿಟ್ ಪಿನ್ನಿನ ತೂತನ್ನೂ ಸ್ಪೂಲಿನ ತೂತೆಂದೇ ತಿಳಿದು ಹಾಕಬೇಕು ಅನ್ನುವುದು ಈ ಶೆಡ್ಡಿನ ಮೇಸ್ತ್ರಿಯ ಪಾಠ. ಸುಲಭದ್ದರಲ್ಲಿ ಸಡಿಲಬಿಟ್ಟ ಕೈ ಕಷ್ಟದ್ದರಲ್ಲಿ ಬಿಗಿಯಾಗುವುದಿಲ್ಲ ಎನ್ನುತ್ತಾರೆ ಅವರು.

ಚಪ್ಪಟೆ ಪಟ್ಟಿಗೆ ತೂತು ಹಾಕುವುದು ಹುಡುಗರಿಗೂ ಬರುತ್ತದೆ. ಗುರುತು ಮಾಡು, ಪಂಚು ಹೊಡೆ, ಡ್ರಿಲ್ ಇಳಿಸು. ಗುಂಡಗಿನ ಸರಳಿನ ಮೇಲೆ ಅದೇ ಕೆಲಸ ಮಾಡಹೊರಟರೆ ಡ್ರಿಲ್ ಮಾತು ಕೇಳುವುದಿಲ್ಲ. ಕಾರಣ ಡ್ರಿಲ್ಲಿನ ಮೂತಿಯಲ್ಲೇ ಇದೆ. ಭೂತಗನ್ನಡಿ ಹಿಡಿದು ನೋಡಿದರೆ ಅದು ಸೂಜಿಮೊನೆಯಲ್ಲ ಎಂಬುದು ತಿಳಿಯುತ್ತದೆ. ಎರಡು ಕಡೆಯ ಕತ್ತರಿಸುವ ಅಂಚುಗಳು 118 ಡಿಗ್ರಿ ಕೋನದಲ್ಲಿ ಬಂದು ಕೂಡುವಲ್ಲಿ ಒಂದು ಪುಟ್ಟ ಅಡ್ಡಗೆರೆ ಉಳಿದಿರುತ್ತದೆ. ಚೀಸೆಲ್ ಎಡ್ಜ್ ಎನ್ನುತ್ತಾರೆ. ಈ ಗೆರೆ ಲೋಹವನ್ನು ಕತ್ತರಿಸುವುದಿಲ್ಲ, ಒತ್ತಿ ಪಕ್ಕಕ್ಕೆ ನೂಕುತ್ತದೆ. ಚಪ್ಪಟೆ ಮೈಯಲ್ಲಿ ಆ ಒತ್ತಡ ಸುತ್ತಲೂ ಸಮನಾಗಿ ಹಂಚಿಹೋಗುತ್ತದೆ. ಗುಂಡು ಮೈಯಲ್ಲಿ ನೆತ್ತಿಯ ಮೇಲೆ ಸರಿಯಾಗಿ ಕುಳಿತರೆ ಸರಿ. ಕೂದಲೆಳೆಯಷ್ಟು ಈಚೆಗೆ ಬಿದ್ದರೂ ಅದರ ಕೆಳಗೆ ಇಳಿಜಾರು. ಪಾಚಿಗಟ್ಟಿದ ಮೆಟ್ಟಿಲ ಮೇಲೆ ಕಾಲಿಟ್ಟಂತೆ ಡ್ರಿಲ್ ಜಾರುತ್ತದೆ, ಜಾರಿದಷ್ಟೂ ಇಳಿಜಾರು ಹೆಚ್ಚುತ್ತದೆ.

ಲೆಕ್ಕ ಹಾಕಿ ನೋಡಬಹುದು. ಎಂಟು ಮಿಲಿಮೀಟರ್ ಪಿನ್ನಿನ ನೆತ್ತಿಯಿಂದ 0.1 ಮಿಲಿಮೀಟರ್ ಸರಿದರೆ ಮೈಯ ಓರೆ ಸುಮಾರು ಒಂದೂವರೆ ಡಿಗ್ರಿ. ಅರ್ಧ ಮಿಲಿಮೀಟರ್ ಸರಿದರೆ ಏಳು ಡಿಗ್ರಿ. ಪಿನ್ನೇ ಮೂರು ಮಿಲಿಮೀಟರಿನದ್ದಾದರೆ ಅದೇ ಅರ್ಧ ಮಿಲಿಮೀಟರಿಗೆ ಓರೆ 19 ಡಿಗ್ರಿ ದಾಟುತ್ತದೆ. ಸರಳು ಸಣ್ಣದಾದಷ್ಟೂ ತಪ್ಪಿನ ಬಡ್ಡಿ ಜಾಸ್ತಿ. ಅದರ ಮೇಲೆ ಡ್ರಿಲ್ಲೂ ಸಪೂರ. ಸಪೂರವಾದದ್ದು ಬಾಗುತ್ತದೆ: ದಪ್ಪ ಅರ್ಧಕ್ಕಿಳಿದರೆ ಬಿಗಿತ ಅರ್ಧಕ್ಕಲ್ಲ, ಹದಿನಾರನೇ ಒಂದು ಭಾಗಕ್ಕೆ ಇಳಿಯುತ್ತದೆ. ಹೀಗೆ ಬಾಗಿಕೊಂಡೇ ಒಳಹೊಕ್ಕ ಡ್ರಿಲ್ ಮೇಲ್ಬಾಯಿಯಲ್ಲಿ ನಡುವಿನಲ್ಲಿದ್ದಂತೆ ಕಂಡರೂ ಕೆಳಬಾಯಿಯಲ್ಲಿ ಎಲ್ಲೋ ಹೊರಬರುತ್ತದೆ. ಇಲ್ಲವೇ ‘ಟಿಕ್’ ಎಂದು ಮುರಿದು ತುದಿಯನ್ನು ಪಿನ್ನಿನೊಳಗೆ ಬಿಟ್ಟು ಬರುತ್ತದೆ. ಡ್ರಿಲ್ಲೂ ಹೋಯಿತು, ಪಿನ್ನೂ ಹೋಯಿತು.

ಹಾಗಾಗಿ ಮೇಸ್ತ್ರಿ ಮಷೀನಿನ ಸ್ವಿಚ್ಚಿಗೆ ಕೈ ಹಾಕುವುದು ಎಲ್ಲಕ್ಕಿಂತ ಕೊನೆಗೆ. ಅದಕ್ಕೂ ಮೊದಲು ಬೆಂಚಿನ ಮೇಲೆ ನಡೆಯುವುದೇ ನಿಜವಾದ ಕೆಲಸ.

ಡ್ರಾಯರಿನಿಂದ ವಿ ಬ್ಲಾಕು ಹೊರಬರುತ್ತದೆ. ಅಂಗೈಯಗಲದ ಉಕ್ಕಿನ ಇಟ್ಟಿಗೆ, ಮೇಲ್ಮೈಯಲ್ಲಿ 90 ಡಿಗ್ರಿಯ ಕಣಿವೆ. ಗುಂಡು ಸರಳನ್ನು ಈ ಕಣಿವೆಯಲ್ಲಿಟ್ಟರೆ ಅದು ಎರಡು ಗೋಡೆಗಳಿಗೂ ಆತುಕೊಂಡು ತನ್ನಷ್ಟಕ್ಕೆ ನಡುವಿಗೆ ಬಂದು ಕೂರುತ್ತದೆ. ಸರಳು ಎಂಟರದ್ದಿರಲಿ, ಐದರದ್ದಿರಲಿ, ಅದರ ನಡುಗೆರೆ ಕಣಿವೆಯ ನಡುವಿನ ನೇರಕ್ಕೇ ಬರುತ್ತದೆ. ದಪ್ಪ ಬದಲಾದರೆ ಎತ್ತರ ಬದಲಾಗುತ್ತದೆಯೇ ಹೊರತು ಎಡಬಲ ಬದಲಾಗುವುದಿಲ್ಲ. ಮೇಲಿನಿಂದ ನೆಟ್ಟಗೆ ಇಳಿಯುವ ಡ್ರಿಲ್ಲಿಗೆ ಎತ್ತರದ ಗೊಡವೆ ಇಲ್ಲ. ಲೇತಿನಿಂದ ಬರುವ ಪಿನ್ನುಗಳಲ್ಲಿ ಒಂದು ಕೂದಲೆಳೆ ದಪ್ಪ, ಇನ್ನೊಂದು ಕೂದಲೆಳೆ ಸಪೂರ ಇದ್ದೇ ಇರುತ್ತವೆ. ವಿ ಬ್ಲಾಕು ಆ ವ್ಯತ್ಯಾಸವನ್ನು ಸದ್ದಿಲ್ಲದೆ ನುಂಗಿಹಾಕುತ್ತದೆ. ಇದೇ ಪಿನ್ನನ್ನು ಸಾಧಾರಣ ವೈಸಿನ ಒಂದು ದವಡೆಗೆ ಆನಿಸಿ ಹಿಡಿದರೆ ದಪ್ಪದ ವ್ಯತ್ಯಾಸದ ಅರ್ಧ ನೇರವಾಗಿ ತೂತಿನ ತಪ್ಪಾಗುತ್ತದೆ.

ಈ ಬ್ಲಾಕಿಗೆ ಇಲ್ಲಿ ಎಂಥ ಮರ್ಯಾದೆ ಎಂಬುದನ್ನು ಆಯುಧಪೂಜೆಯ ದಿನ ನೋಡಬೇಕು. ಲೇತಿಗೆ ಚೆಂಡುಹೂವಿನ ಹಾರ, ಡ್ರಿಲ್ಲಿಂಗ್ ಮಷೀನಿಗೆ ಬಾಳೆಕಂದು, ಸ್ಪಾನರುಗಳಿಗೆಲ್ಲ ಕುಂಕುಮ. ವಿ ಬ್ಲಾಕಿನ ಸರದಿ ಬಂದಾಗ ಮೇಸ್ತ್ರಿ ಪೂಜೆಯ ಹುಡುಗನ ಕೈ ಹಿಡಿದು, ಬೊಟ್ಟನ್ನು ಪಕ್ಕದ ಮೈಗೆ ಇಡಿಸುತ್ತಾರೆ. ಕಣಿವೆಯ ಗೋಡೆಗೆ ತಾಗಕೂಡದು. ಅಲ್ಲಿ ಕುಂಕುಮದ ಒಂದು ಪದರ ಅಂಟಿ ಉಳಿದರೆ ಮರುದಿನ ಪಿನ್ ಒಂದು ಬದಿಗೆ ಎದ್ದು ಕೂರುತ್ತದೆ.

ಮುಂದಿನದು ಬ್ಲಾಕನ್ನು ಸ್ಪಿಂಡಲ್ಲಿನ ನೇರಕ್ಕೆ ತರುವುದು. ಚಕ್ಕಿಗೆ ಡ್ರಿಲ್ಲಿನ ಬದಲು ಒಂದು ಶಂಕು ಸಿಕ್ಕಿಸುತ್ತಾರೆ. ಗಟ್ಟಿ ಮಾಡಿ, ಗ್ರೈಂಡ್ ಮಾಡಿ, 90 ಡಿಗ್ರಿಗೆ ತೀಡಿದ ಮೊನೆ. ಮೋಟಾರು ನಿಂತೇ ಇರುತ್ತದೆ. ಹಿಡಿಕೆ ಒತ್ತಿ ಶಂಕುವನ್ನು ಕಣಿವೆಯೊಳಗೆ ಇಳಿಸಿದರೆ ಸಡಿಲವಾಗಿರುವ ಬ್ಲಾಕು ಟೇಬಲ್ಲಿನ ಮೇಲೆ ಇಷ್ಟೇ ಇಷ್ಟು ಸರಿದು ಹೊಂದಿಕೊಳ್ಳುತ್ತದೆ. ಹಾಗೆ ಒತ್ತಿ ಹಿಡಿದೇ ಕ್ಲ್ಯಾಂಪುಗಳನ್ನು ಬಿಗಿಯಬೇಕು, ಅದೂ ಆಚೆಗೊಂದು ಸುತ್ತು ಈಚೆಗೊಂದು ಸುತ್ತು. ಒಂದನ್ನೇ ಪೂರ್ತಿ ಬಿಗಿದರೆ ಬ್ಲಾಕು ತಿರುಗುತ್ತದೆ. ಬಿಗಿದಾದ ಮೇಲೆ ಶಂಕುವನ್ನು ಎತ್ತಿ, ಚಕ್ಕನ್ನು ಕೈಯಲ್ಲೇ ಅರ್ಧ ಸುತ್ತು ತಿರುಗಿಸಿ ಮತ್ತೆ ಇಳಿಸುತ್ತಾರೆ. ಚಕ್ಕಿನಲ್ಲೇ ತೊನೆದಾಟವಿದ್ದರೆ ಈಗ ಸಿಕ್ಕಿಬೀಳುತ್ತದೆ.

ಇಷ್ಟಾದ ಮೇಲೂ ನಂಬಿಕೆ ಇಲ್ಲ. ಪಿನ್ನನ್ನು ಬ್ಲಾಕಿನಲ್ಲಿ ಮಲಗಿಸಿ, ಶರ್ಟಿನ ಜೇಬಿನಿಂದ ಆರಿಂಚಿನ ಸ್ಟೀಲ್ ಸ್ಕೇಲು ತೆಗೆಯುತ್ತಾರೆ. ಎಲ್ಲ ಫಿಟ್ಟರುಗಳ ಜೇಬಿನಲ್ಲೂ ಇರುವ ತೆಳು ಪಟ್ಟಿ. ಅದನ್ನು ಪಿನ್ನಿನ ಬೆನ್ನ ಮೇಲೆ ಅಡ್ಡಲಾಗಿ ಇಟ್ಟು, ಮೇಲಿನಿಂದ ಶಂಕುವಿನ ಮೊನೆಯನ್ನು ಮೆಲ್ಲಗೆ ತಾಗಿಸುತ್ತಾರೆ. ಪಿನ್ನಿಗೂ ಮೊನೆಗೂ ನಡುವೆ ಸಿಕ್ಕಿಕೊಂಡ ಸ್ಕೇಲು ಎರಡೂ ಕಡೆ ರೆಕ್ಕೆ ಚಾಚಿ ನಿಲ್ಲುತ್ತದೆ. ಮೇಸ್ತ್ರಿ ಬಗ್ಗಿ, ಒಂದು ಕಣ್ಣು ಮುಚ್ಚಿ, ಸ್ಕೇಲಿನ ಅಂಚನ್ನು ಟೇಬಲ್ಲಿನ ಅಂಚಿಗೆ ಹೋಲಿಸಿ ನೋಡುತ್ತಾರೆ. ಮಟ್ಟವಾಗಿದ್ದರೆ ಮೊನೆ ನೆತ್ತಿಯ ಮೇಲಿದೆ. ಬಲರೆಕ್ಕೆ ಕುಸಿದಿದ್ದರೆ ಮೊನೆ ಬಲಕ್ಕೆ ಸರಿದಿದೆ, ಎಡರೆಕ್ಕೆ ಕುಸಿದಿದ್ದರೆ ಎಡಕ್ಕೆ.

ಈ ಸಾದಾ ಉಪಾಯದ ತಾಕತ್ತು ಲೆಕ್ಕಕ್ಕೆ ಹಚ್ಚಿದಾಗಲೇ ಗೊತ್ತಾಗುವುದು. ಎಂಟರ ಪಿನ್ನಿನ ಮೇಲೆ ಮೊನೆ 0.07 ಮಿಲಿಮೀಟರ್ ಪಕ್ಕಕ್ಕಿದ್ದರೆ ಸ್ಕೇಲು ಒಂದು ಡಿಗ್ರಿ ವಾಲುತ್ತದೆ. ಒಂದು ಡಿಗ್ರಿ ಎಂದರೆ ಸ್ಕೇಲಿನ ಒಂದು ತುದಿ ಇನ್ನೊಂದಕ್ಕಿಂತ ಎರಡೂವರೆ ಮಿಲಿಮೀಟರಿಗೂ ಹೆಚ್ಚು ತಗ್ಗಿಗೆ ಬಂದಿರುತ್ತದೆ. ಬರಿಗಣ್ಣಿಗೆ ಕಾಣದ ತಪ್ಪು ಬರಿಗಣ್ಣಿಗೆ ಕಾಣುವಷ್ಟು ಹಿಗ್ಗಿತು. ಪಿನ್ ಇನ್ನೂ ಸಣ್ಣದಾದರೆ ಅಷ್ಟೇ ತಪ್ಪಿಗೆ ಸ್ಕೇಲು ಇನ್ನೂ ಹೆಚ್ಚು ವಾಲುತ್ತದೆ. ಯಾವ ಗುಂಡುತನ ಡ್ರಿಲ್ಲನ್ನು ಜಾರಿಸುತ್ತದೋ ಅದೇ ಗುಂಡುತನ ಸ್ಕೇಲನ್ನು ವಾಲಿಸಿ ಚಾಡಿ ಹೇಳುತ್ತದೆ. ಸಣ್ಣ ಸರಳಿನಲ್ಲಿ ಕೆಲಸ ಕಷ್ಟವಾದಷ್ಟೂ ಪರೀಕ್ಷೆ ಸೂಕ್ಷ್ಮವಾಗುತ್ತ ಹೋಗುತ್ತದೆ. ಲೇತಿನವರೂ ಟೂಲಿನ ಎತ್ತರ ಹೊಂದಿಸಲು ಇದನ್ನೇ ಬಳಸುತ್ತಾರೆ. ಅಲ್ಲಿ ಸ್ಕೇಲು ಅಡ್ಡಲಾಗಿ ಮಲಗುವ ಬದಲು ನೆಟ್ಟಗೆ ನಿಲ್ಲುತ್ತದೆ.

ತಲೆಯಿಂದ ತೂತಿಗೆ ಇರಬೇಕಾದ ದೂರಕ್ಕೆ ಬ್ಲಾಕಿನ ತುದಿಯಲ್ಲಿ ಒಂದು ಸ್ಟಾಪರು. ಪಿನ್ನಿನ ಮೇಲೆ ಒಂದು ಪುಟ್ಟ ಕ್ಲ್ಯಾಂಪು, ಅದರ ಪಾದಕ್ಕೆ ತಾಮ್ರದ ತುಂಡು, ಪಿನ್ನಿಗೆ ಕಲೆ ಬೀಳದಿರಲಿ ಎಂದು. ಈಗ ಚಕ್ಕಿಗೆ ಸ್ಪಾಟ್ ಡ್ರಿಲ್ ಬರುತ್ತದೆ. ಗಿಡ್ಡ, ದಪ್ಪ, ಬಾಗಲು ಜಾಗವೇ ಇಲ್ಲದ ಮೈ. ಅಂತೂ ಸ್ವಿಚ್ಚು ಒತ್ತಿದರು. ಮೊನೆ ಪಿನ್ನನ್ನು ಮುಟ್ಟಿ, ಒಂದು ಉಸಿರಿನಷ್ಟು ಇಳಿದು, ಮೇಲೆದ್ದಿತು. ಪಿನ್ನಿನ ಬೆನ್ನಿನಲ್ಲಿ ಸಣ್ಣ ಹೊಳಪಿನ ಗುಳಿ.

ಆ ಗುಳಿಯನ್ನು ಮೇಸ್ತ್ರಿ ಗಡಿಯಾರ ರಿಪೇರಿಯವರ ಕಣ್ಣಗನ್ನಡಿ ಹಾಕಿಕೊಂಡು ಓದುತ್ತಾರೆ. ಶಂಕುವೊಂದು ಗುಂಡು ಮೈಯೊಳಗೆ ಇಳಿದಾಗ ಮೂಡುವ ಗುರುತು ಪೂರ್ತಿ ವೃತ್ತವಲ್ಲ. ಪಿನ್ನಿನ ಉದ್ದಕ್ಕೆ ತುಸು ಉದ್ದ, ಅಡ್ಡಕ್ಕೆ ತುಸು ಗಿಡ್ಡ. ಅಡ್ಡದ ಎರಡು ಅಂಚುಗಳೂ ನಡುವಿನ ಚುಕ್ಕಿಯಿಂದ ಸಮದೂರದಲ್ಲಿದ್ದರೆ ನೆತ್ತಿ ಸಿಕ್ಕಿದೆ. ಒಂದು ಕಡೆ ಉಬ್ಬಿ ಇನ್ನೊಂದು ಕಡೆ ಕುಗ್ಗಿದ್ದರೆ ಬ್ಲಾಕನ್ನು ಮತ್ತೆ ಸಡಿಲಿಸಬೇಕು. ಮೊದಲ ಪಿನ್ನಿಗೆ ಈ ಮರ್ಯಾದೆ ಸಲ್ಲಲೇಬೇಕು. ಅದು ಸರಿಹೋದರೆ ಉಳಿದ ಟ್ರೇ ಅದರ ಹಿಂದೆ ಬರುತ್ತದೆ.

ಗುಳಿ ಸಿದ್ಧವಾದ ಮೇಲೆ ಎರಡರ ಡ್ರಿಲ್ಲು. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ಜಾಬರ್ ಡ್ರಿಲ್ಲು 49 ಮಿಲಿಮೀಟರ್ ಉದ್ದ, ಅದರಲ್ಲಿ ಸುರುಳಿ ಕೊರೆದ ಭಾಗ 24. ಈ ಕೆಲಸಕ್ಕೆ ಮೇಸ್ತ್ರಿ ಆರಿಸುವುದು ಸ್ಟಬ್ ಡ್ರಿಲ್ಲನ್ನು. ಅದರ ಸುರುಳಿ 12 ಮಾತ್ರ. ಹೊರಗೆ ಚಾಚಿದ ಉದ್ದ ಅರ್ಧವಾದರೆ ಬಿಗಿತ ಎಂಟು ಪಟ್ಟು. ಎಂಟು ಮಿಲಿಮೀಟರ್ ಕೊರೆಯುವುದಕ್ಕೆ ಇಷ್ಟು ಧಾರಾಳ ಸಾಕು. ವೇಗ ನಿಮಿಷಕ್ಕೆ 4,000 ಸುತ್ತಿನ ಆಸುಪಾಸು. ಬೆಲ್ಟನ್ನು ಮೇಲಿನ ಪುಲ್ಲಿಗೆ ಏರಿಸಿಯಾಗಿದೆ. ಹೊಸಬರು ಸಣ್ಣ ಡ್ರಿಲ್ಲಿಗೆ ಹೆದರಿ ವೇಗ ತಗ್ಗಿಸುತ್ತಾರೆ. ಆಗಲೇ ಅದು ಮುರಿಯುವುದು. ನಿಧಾನ ತಿರುಗುವ ಡ್ರಿಲ್ಲನ್ನು ಕೈ ತನಗೆ ಗೊತ್ತಿಲ್ಲದೇ ಹೆಚ್ಚು ಒತ್ತುತ್ತದೆ.

ಮುಂದಿನದು ಕಿವಿಯ ಕೆಲಸ. ಡ್ರಿಲ್ ಇಳಿಯುತ್ತಿದ್ದಂತೆ ಸಣ್ಣಗೆ ಚುರ್ ಎನ್ನುವ ದನಿ, ಎರಡು ಬದಿಯಿಂದಲೂ ಒಂದೇ ಅಳತೆಯ ಬೆಳ್ಳನೆಯ ಲೋಹದ ಸುರುಳಿ. ಒಂದೇ ಬದಿಯಿಂದ ಬಂದರೆ ಡ್ರಿಲ್ಲಿನ ಎರಡು ಅಂಚು ಸಮವಾಗಿ ಮಸೆದಿಲ್ಲ ಎಂದರ್ಥ. ಅಂಥ ಡ್ರಿಲ್ ತನ್ನ ಅಳತೆಗಿಂತ ದೊಡ್ಡ ತೂತು ಕೊರೆಯುತ್ತದೆ, ದಾರಿಯನ್ನೂ ತಪ್ಪುತ್ತದೆ. ಎರಡು ಮಿಲಿಮೀಟರ್ ಇಳಿದಾಗ ಒಮ್ಮೆ ಎತ್ತುವುದು, ಬ್ರಷ್ಷಿನಿಂದ ಒಂದು ಹನಿ ಎಣ್ಣೆ, ಮತ್ತೆ ಇಳಿಸುವುದು. ದನಿ ಚುರ್‌ನಿಂದ ಕಿರ್‌ಗೆ ತಿರುಗಿದರೆ ಸುರುಳಿ ಒಳಗೇ ಸಿಕ್ಕಿಕೊಂಡಿದೆ. ಕೊನೆಯ ಒಂದು ಮಿಲಿಮೀಟರಿನಲ್ಲಿ ಕೈ ತಾನಾಗಿಯೇ ಹಗುರಾಗಬೇಕು. ಮೂತಿ ಕೆಳಗೆ ಹೊರಬರುವ ಗಳಿಗೆಯಲ್ಲಿ ತಡೆ ತಟ್ಟನೆ ಇಲ್ಲವಾಗಿ ಡ್ರಿಲ್ ಮುನ್ನುಗ್ಗುತ್ತದೆ. ಸಣ್ಣ ಡ್ರಿಲ್ಲುಗಳ ಆಯುಸ್ಸು ಮುಗಿಯುವುದು ಬಹುಪಾಲು ಅಲ್ಲೇ. ಈ ಮಷೀನಿನ ಹತ್ತಿರ ಯಾರೂ ಗ್ಲೌಸು ಹಾಕುವುದಿಲ್ಲ, ತುಂಬುತೋಳಿನ ಗುಂಡಿ ಬಿಚ್ಚಿಕೊಂಡು ನಿಲ್ಲುವುದಿಲ್ಲ. ತಿರುಗುವ ಸ್ಪಿಂಡಲ್ಲು ಬಟ್ಟೆಯ ಎಳೆ ಸಿಕ್ಕರೆ ಕೈಯನ್ನೇ ಸುತ್ತಿಕೊಳ್ಳುತ್ತದೆ.

ಲೋಹ ಬದಲಾದರೆ ಹದವೂ ಬದಲಾಗುತ್ತದೆ. ಸ್ಟೇನ್‌ಲೆಸ್ ಸ್ಟೀಲಿಗೆ ವೇಗ ಅರ್ಧಕ್ಕಿಳಿಸಬೇಕು. ಆದರೆ ಒತ್ತಡ ಬಿಡಬಾರದು. ಸುಮ್ಮನೆ ಉಜ್ಜುತ್ತ ನಿಂತರೆ ಅದರ ಮೈ ಅಲ್ಲೇ ಗಟ್ಟಿಯಾಗಿ ಮುಂದಿನ ಡ್ರಿಲ್ಲಿಗೂ ಬಗ್ಗುವುದಿಲ್ಲ. ಹಿತ್ತಾಳೆ ಇದಕ್ಕೆ ತಿರುವುಮುರುವು. ಅದು ಡ್ರಿಲ್ಲನ್ನು ತಾನೇ ಒಳಗೆಳೆದುಕೊಳ್ಳುತ್ತದೆ. ಅದಕ್ಕೆಂದೇ ಮೇಸ್ತ್ರಿ ಕತ್ತರಿಸುವ ಅಂಚಿನ ಚೂಪನ್ನು ಎಣ್ಣೆಗಲ್ಲಿನಿಂದ ಒಂದೆರಡು ಸಲ ಸವರಿ ಮೊಂಡು ಮಾಡಿ, ಅಂಥ ಡ್ರಿಲ್ಲುಗಳಿಗೆ ಹಳದಿ ಬಣ್ಣ ಬಳಿದು ಬೇರೆ ಡಬ್ಬಿಯಲ್ಲಿಟ್ಟಿದ್ದಾರೆ. ಅಲ್ಯೂಮಿನಿಯಮ್ಮಿಗೆ ಸೀಮೆಎಣ್ಣೆ ಸವರಿದರೆ ಸುರುಳಿ ಅಂಟುವುದಿಲ್ಲ.

ಹತ್ತಿಪ್ಪತ್ತು ಪಿನ್ನಾದರೆ ಸ್ಕೇಲು, ಕಣ್ಣು, ಕೈ ಸಾಕು. ಸಾವಿರಗಟ್ಟಲೆ ಬಂದರೆ ಜಿಗ್ ಬೇಕು. ಮೇಸ್ತ್ರಿಯ ಈ ಎಲ್ಲ ಎಚ್ಚರವನ್ನೂ ಉಕ್ಕಿನಲ್ಲಿ ಹೂತಿಟ್ಟ ಪೆಟ್ಟಿಗೆ ಅದು. ಒಳಗೊಂದು ವಿ ಕಣಿವೆ, ತುದಿಗೊಂದು ಸ್ಟಾಪರು, ಮೇಲೊಂದು ಮುಚ್ಚಳ. ಮುಚ್ಚಳದಲ್ಲಿ ಗಾಜನ್ನೂ ಗೀರುವಷ್ಟು ಗಟ್ಟಿ ಮಾಡಿದ ಪುಟ್ಟ ಬುಷ್ಷು. ಡ್ರಿಲ್ಲು ಆ ಬುಷ್ಷಿನ ಕೊಳವೆಯೊಳಗಿಂದ ಇಳಿಯುವುದರಿಂದ ಜಾರಲು ಆಸ್ಪದವಿಲ್ಲ. ಪಿನ್ ಹಾಕು, ಅದುಮು, ಕೊರೆ, ತೆಗೆ. ಹುಡುಗನೊಬ್ಬ ಸ್ಟೂಲಿನ ಮೇಲೆ ಕೂತು ಮೊಬೈಲಿನ ಹಾಡು ಕೇಳುತ್ತಲೇ ದಿನವಿಡೀ ಹಾಕಬಲ್ಲ.

ಜಿಗ್ಗಿಗೂ ಅದರದೇ ಜಾಣ್ಮೆ ಬೇಕು. ಬುಷ್ಷಿನ ಬಾಯಿ ಪಿನ್ನಿಗೆ ತೀರಾ ಅಂಟಿಕೊಂಡಿದ್ದರೆ ಸುರುಳಿಗೆ ಹೊರಬರುವ ದಾರಿ ಇಲ್ಲ. ಎಲ್ಲ ಬುಷ್ಷಿನೊಳಗಿಂದಲೇ ಮೇಲೇರಿ ಅದನ್ನು ತೇಯುತ್ತದೆ. ದೂರ ಇಟ್ಟರೆ ಡ್ರಿಲ್ಲಿಗೆ ಆ ಸಂದಿನಲ್ಲೇ ಬಾಗುವ ಅವಕಾಶ. ಗುಂಡು ಪಿನ್ನಿನಲ್ಲಿ ದೂರ ಇಡುವುದು ಇನ್ನೂ ಅಪಾಯ. ಹಾಗಾಗಿ ಒಳ್ಳೆಯ ಜಿಗ್ಗಿನಲ್ಲಿ ಬುಷ್ಷಿನ ಮೂತಿಯನ್ನೇ ಪಿನ್ನಿನ ಬೆನ್ನಿಗೆ ಹೊಂದುವ ಹಾಗೆ ತೀಡಿ ಹತ್ತಿರ ತಂದಿರುತ್ತಾರೆ. ಇನ್ನೊಂದು ಶತ್ರು ಕಣಿವೆಯಲ್ಲಿ ಉಳಿದ ಚೂರು. ಹಿಂದಿನ ತೂತಿನ ಒಂದು ಸುರುಳಿ ಗೋಡೆಗೆ ಅಂಟಿದ್ದರೆ ಮುಂದಿನ ಪಿನ್ ಅದರ ಮೇಲೆ ಕೂತು ಓರೆಯಾಗುತ್ತದೆ. ಅದಕ್ಕೇ ಕಣಿವೆಯ ತಳದಲ್ಲಿ ಒಂದು ಕಾಲುವೆ, ಹುಡುಗನ ಎಡಗೈಯಲ್ಲಿ ಸದಾ ಒಂದು ಬ್ರಷ್ಷು. ಹಾಡು ಕೇಳಬಹುದು, ಬ್ರಷ್ಷು ಕೆಳಗಿಡುವ ಹಾಗಿಲ್ಲ.

ಊಟದ ಹೊತ್ತಿಗೆ ಸರ್ಫೇಸ್ ಪ್ಲೇಟಿನ ಪಂಚೆ ಸರಿಯುತ್ತದೆ. ಜಿಗ್ಗಿನಲ್ಲಿ ಕೊರೆದವುಗಳ ಟ್ರೇಯಿಂದ ಕೈಗೆ ಸಿಕ್ಕಿದ ಪಿನ್ನು ತೆಗೆದು, ಅಡ್ಡತೂತಿಗೆ ಎರಡರ ಗೇಜ್ ಪಿನ್ ತೂರಿಸುತ್ತಾರೆ. ಅಲುಗಾಡುತ್ತಿದ್ದರೆ ಒಂದು ಎಳೆ ದಪ್ಪದ್ದನ್ನು ಆರಿಸುತ್ತಾರೆ. ಪಿನ್ನನ್ನು ವಿ ಬ್ಲಾಕಿನಲ್ಲಿಟ್ಟು, ಗೇಜ್ ಪಿನ್ನಿನ ಎರಡು ತುದಿಗಳೂ ಒಂದೇ ಎತ್ತರಕ್ಕೆ ಬರುವ ತನಕ ಹೊರಳಿಸಿ, ಎತ್ತರ ಅಳೆಯುವ ಡಯಲ್ ಗೇಜಿನ ಮುಳ್ಳನ್ನು ಸೊನ್ನೆಗೆ ತರುತ್ತಾರೆ. ಆಮೇಲೆ ಇಡೀ ಪಿನ್ನನ್ನು ಮಗುಚಿ, ಅಂದರೆ ಅದರ ನಡುಗೆರೆಯ ಸುತ್ತ ಅರ್ಧ ಸುತ್ತು ಹೊರಳಿಸಿ, ಮತ್ತೆ ಮಟ್ಟ ಮಾಡಿ ಓದುತ್ತಾರೆ. ತೂತು ನಟ್ಟನಡುವೆ ಇದ್ದಿದ್ದರೆ ಮುಳ್ಳು ಸೊನ್ನೆಗೇ ಬರಬೇಕಿತ್ತು. ಅದು 0.16 ತೋರಿಸುತ್ತಿದೆ. ಮೊದಲು ತಪ್ಪು ಮೇಲಿತ್ತು, ಮಗುಚಿದಾಗ ಕೆಳಗೆ ಬಂತು. ಆದ್ದರಿಂದ ಮುಳ್ಳು ತೋರಿಸುವುದು ತಪ್ಪಿನ ಎರಡರಷ್ಟು. ನಿಜವಾದ ತಪ್ಪು 0.08. ಪಾಸು, ಆದರೆ ಅಂಚಿನಲ್ಲಿ. ಮೇಸ್ತ್ರಿ ತಲೆಯಾಡಿಸದೆ ಜಿಗ್ ಕಡೆ ನೋಡುತ್ತಾರೆ. ಬುಷ್ಷು ಸವೆದಿರಬೇಕು.

ಈ ಪರೀಕ್ಷೆಗೆ ಬ್ಲಾಕಿನ ಎತ್ತರ ಎಷ್ಟು, ಪಿನ್ನಿನ ದಪ್ಪ ಎಷ್ಟು ಎಂಬ ಯಾವ ಅಳತೆಯೂ ಬೇಡ. ಪಿನ್ನನ್ನು ಪಿನ್ನಿನ ಜೊತೆಗೇ ಹೋಲಿಸಿದರೆ ಸಾಕು. ಎರಡು ಕಡೆಯಿಂದ ಅರ್ಧರ್ಧ ಕೊರೆದು ನಡುವೆ ಕೂಡಿಸೋಣ ಎನ್ನುವ ಹೊಸಬರಿಗೂ ಇದೇ ಲೆಕ್ಕ ಉತ್ತರ ಹೇಳುತ್ತದೆ. ಸೆಟ್ಟಿಂಗಿನಲ್ಲಿ 0.1 ತಪ್ಪಿದ್ದರೆ, ಮಗುಚಿ ಕೊರೆದಾಗ ಎರಡು ತೂತುಗಳು ನಡುವೆ 0.2ರ ಮೆಟ್ಟಿಲು ಬಿಟ್ಟು ಭೇಟಿಯಾಗುತ್ತವೆ.

ತೂತು ಸರಿ ಇದ್ದರೂ ಕೆಲಸ ಮುಗಿಯಲಿಲ್ಲ. ಡ್ರಿಲ್ ಹೊರಬಂದ ಬಾಯಿಯಲ್ಲಿ ಬರ್ ಉಳಿದಿರುತ್ತದೆ: ಹರಿದ ಲೋಹದ ಸಣ್ಣ ಗರಿ. ಚಪ್ಪಟೆ ಮೈಯಲ್ಲಾದರೆ ಕೌಂಟರ್‌ಸಿಂಕ್ ಒಂದು ಸುತ್ತು ತಿರುಗಿಸಿದರೆ ಹೋಯಿತು. ಗುಂಡು ಮೈಯ ತೂತಿನ ಬಾಯಿ ಕುದುರೆಯ ಜೀನಿನ ಆಕಾರದ್ದು. ಕೌಂಟರ್‌ಸಿಂಕ್ ಎತ್ತರದ ಎರಡು ಬದಿಯನ್ನು ತಿನ್ನುತ್ತದೆ, ತಗ್ಗಿನ ಎರಡು ಬದಿಯ ಗರಿ ಹಾಗೆಯೇ ನಿಂತಿರುತ್ತದೆ. ಅದನ್ನು ಸೂಜಿ ಅರದಿಂದಲೋ ಉಜ್ಜುವ ಬ್ರಷ್ಷಿನಿಂದಲೋ ಕೈಯಾರೆ ತೆಗೆಯಬೇಕು. ಮೂಲೆಯ ಬೆಂಚಿನಲ್ಲಿ ಕೂತ ಹೆಂಗಸರಿಬ್ಬರು ಮಾಡುವುದು ಅದನ್ನೇ. ಅರದ ಎರಡು ಎಳೆತ, ಪಿನ್ನನ್ನು ತಿರುವಿ ಮತ್ತೆ ಎರಡು. ಕೊನೆಗೆ ತೂತಿನ ಬಾಯಿಗೆ ಹತ್ತಿಯ ಎಳೆ ಸವರುತ್ತಾರೆ. ಬೆರಳಿಗೆ ತಾಗದ ಗರಿಗೆ ಹತ್ತಿ ಸಿಕ್ಕಿಕೊಳ್ಳುತ್ತದೆ. ಕ್ಲೆವಿಸ್ ಪಿನ್ನಿನಲ್ಲಿ ಉಳಿದ ಗರಿ ಜೋಡಿಸುವವನ ಬೆರಳು ಗೀರೀತು, ಅಷ್ಟೇ. ಹೈಡ್ರಾಲಿಕ್ ಸ್ಪೂಲಿಗೂ ಅದರ ಕೊಳವೆಗೂ ನಡುವಿನ ಸಂದು ಕೆಲವೇ ಮೈಕ್ರಾನು. ಒಳಗೆ ಅಡ್ಡತೂತು ಉದ್ದತೂತನ್ನು ಕೂಡುವಲ್ಲಿ ಉಳಿದ ಗರಿಯೊಂದು ಮುರಿದು ಎಣ್ಣೆಯಲ್ಲಿ ಹರಿದು ಅಲ್ಲಿಗೆ ಬಂದರೆ ವಾಲ್ವು ಅಂಟಿ ನಿಲ್ಲುತ್ತದೆ, ಜೆಸಿಬಿಯ ಕೈ ಮೇಲೆತ್ತಿದಲ್ಲೇ ನಿಂತೀತು.

ಈ ಶೆಡ್ಡಿನವರು ದಿನಕ್ಕೆ ಹತ್ತು ಸಲ ‘ಎಂಟಿ ಟೂ ಕೊಡೋ’ ಎನ್ನುತ್ತಾರೆ. ಎಂಟಿ ಎಂದರೆ ಮೋರ್ಸ್ ಟೇಪರ್, ಡ್ರಿಲ್ಲನ್ನೋ ಚಕ್ಕನ್ನೋ ಸ್ಪಿಂಡಲ್ಲಿಗೆ ಕೂರಿಸುವ ಓರೆಮೈಯ ಹಿಡಿ. ಅಮೆರಿಕದ ಸ್ಟೀಫನ್ ಮೋರ್ಸ್ 1863ರಲ್ಲಿ ಸುರುಳಿ ಡ್ರಿಲ್ಲಿಗೆ ಪೇಟೆಂಟು ಪಡೆದವನು. ಅದಕ್ಕೂ ಮುಂಚೆ ಚಪ್ಪಟೆ ಬಡಿದ ಮೊನೆಯ ಡ್ರಿಲ್ಲುಗಳೇ ಹೆಚ್ಚು. ಕೊರೆದ ಚೂರು ಮೇಲೇರಲು ಅವುಗಳಲ್ಲಿ ದಾರಿ ಇರಲಿಲ್ಲ. ಆ ಹೆಸರು ಪೀಣ್ಯದ ಬಾಯಿಗೆ ಬಂದ ದಾರಿ ಪಕ್ಕದಲ್ಲೇ ಇದೆ. 1953ರಲ್ಲಿ ಹುಟ್ಟಿದ ಎಚ್‌ಎಂಟಿ ಜಾಲಹಳ್ಳಿಯಲ್ಲಿ ಲೇತು ಕಟ್ಟತೊಡಗಿತು. 1962ರಲ್ಲಿ ತುಮಕೂರು ರಸ್ತೆಯಲ್ಲಿ ಮಷೀನ್ ಟೂಲ್‌ಗಳಿಗೆಂದೇ ಒಂದು ಕೇಂದ್ರ ಸಂಸ್ಥೆ ಬಂತು. ಇಂದು ಅದು ಸಿಎಂಟಿಐ. ಡೆನ್ಮಾರ್ಕಿನ ನೆರವಿನಿಂದ 1972ರಲ್ಲಿ ಸರ್ಕಾರಿ ಟೂಲ್ ರೂಮ್ ತೆರೆಯಿತು. ದೊಡ್ಡ ಕಾರ್ಖಾನೆಗಳು ಸಣ್ಣಪುಟ್ಟ ತುಂಡುಗಳನ್ನು ಹೊರಗೆ ಮಾಡಿಸತೊಡಗಿದಾಗ ಅಲ್ಲಿ ಪಳಗಿದ ಕೈಗಳಿಗೆ ಸ್ವಂತ ಶೆಡ್ಡು ಹಾಕುವ ಧೈರ್ಯ ಬಂತು. ಸ್ಕೇಲು ವಾಲಿಸಿ ನೆತ್ತಿ ಹಿಡಿಯುವುದು, ಮಗುಚಿ ಅಳೆಯುವುದು, ಇವೆಲ್ಲ ಬಾಯಿಂದ ಬಾಯಿಗೆ, ಕೈಯಿಂದ ಕೈಗೆ ಬಂದದ್ದು.

ಎದುರುಸಾಲಿನಲ್ಲಿ ಗಾಜಿನ ಬಾಗಿಲು, ಎಸಿ ಇರುವ ಶೆಡ್ಡೊಂದಿದೆ. ಅಲ್ಲಿ ಸಿಎನ್‌ಸಿ ಲೇತು. ಸರಳು ಒಂದು ಕಡೆಯಿಂದ ಒಳಹೋಗುತ್ತದೆ. ತಿರುವಿ, ತಲೆ ಮಾಡಿ, ಸರಳನ್ನು ಬೇಕಾದ ಕೋನಕ್ಕೆ ನಿಲ್ಲಿಸಿ, ಪಕ್ಕದಿಂದ ಬಂದ ಇನ್ನೊಂದು ಪುಟ್ಟ ಸ್ಪಿಂಡಲ್ಲು ಅಡ್ಡತೂತು ಹಾಕಿ, ಕತ್ತರಿಸಿ ಬುಟ್ಟಿಗೆ ಬೀಳಿಸುತ್ತದೆ. ಪಿನ್ನನ್ನು ಎರಡನೇ ಸಲ ಹಿಡಿಯುವ ಪ್ರಶ್ನೆಯೇ ಇಲ್ಲದ್ದರಿಂದ ಹಿಡಿಯುವಾಗಿನ ತಪ್ಪೂ ಇಲ್ಲ. ಮೇಸ್ತ್ರಿಗೆ ಅದರ ಮೇಲೆ ಅಸೂಯೆಯೇನಿಲ್ಲ. ಒಮ್ಮೆ ಹೋಗಿ ನಿಂತು ನೋಡಿ ಬಂದಿದ್ದಾರೆ. ಅಲ್ಲೂ ಅಡ್ಡತೂತಿಗೆ ಮೊದಲು ಬರುವುದು ಸ್ಪಾಟ್ ಡ್ರಿಲ್ಲೇ. ಅಲ್ಲೂ ಆ ಪುಟ್ಟ ಸ್ಪಿಂಡಲ್ಲು ನಡುಗೆರೆಗೆ ಸರಿಯಾಗಿ ಇದೆಯೇ ಎಂದು ಮೊದಲ ಪಿನ್ನನ್ನು ಮಗುಚಿಯೇ ನೋಡುತ್ತಾರೆ.

ಹತ್ತು ಸಾವಿರ ಪಿನ್ನಿನ ಆರ್ಡರು ಆ ಗಾಜಿನ ಬಾಗಿಲಿಗೆ ಹೋಗುತ್ತದೆ, ಹೋಗಬೇಕಾದದ್ದೇ. ಸಂಜೆ ಐದರ ಹೊತ್ತಿಗೆ ಈ ಶಟರಿನ ಮುಂದೆ ಬಂದು ನಿಲ್ಲುವವನ ಕೈಯಲ್ಲಿರುವುದು ಒಂದು ಪ್ಲಾಸ್ಟಿಕ್ ಕವರು, ಅದರಲ್ಲಿ ಮೂರು ಮಿಲಿಮೀಟರಿನ ನಲವತ್ತು ಹಿತ್ತಾಳೆ ಸರಳು. ಯಾವುದೋ ಅಳತೆಯ ಉಪಕರಣದ ಮಾದರಿಗೆ ಬೇಕಂತೆ. ಪ್ರತಿಯೊಂದಕ್ಕೂ 0.8ರ ಅಡ್ಡತೂತು. ನಲವತ್ತಕ್ಕೆ ಪ್ರೋಗ್ರಾಂ ಬರೆದು ಟೂಲು ಕಟ್ಟುವುದು ಎದುರಿನವರಿಗೆ ಗಿಟ್ಟುವುದಿಲ್ಲ. ಮೇಸ್ತ್ರಿ ಒಂದು ಸರಳನ್ನು ಉಗುರಿನ ಮೇಲೆ ಹೊರಳಿಸಿ ನೋಡಿ, ನಾಳೆ ಸಂಜೆಗೆ ಎನ್ನುತ್ತಾರೆ. ನಲವತ್ತು ತೂತಿಗೆ ಇಡೀ ದಿನವೇ ಎಂದು ಬಂದವನು ಹುಬ್ಬೇರಿಸುತ್ತಾನೆ.

‘ತೂತಿಗೆ ಒಂದು ಗಂಟೆ ಸಾರ್. ಸೆಟ್ಟಿಂಗಿಗೆ ಮಿಕ್ಕಿದ್ದು.’

ದರ ಕೇಳಿದಾಗ ಅವನು ಇನ್ನೊಮ್ಮೆ ಹುಬ್ಬೇರಿಸುತ್ತಾನೆ. ಬಿಲ್ ಪುಸ್ತಕದಲ್ಲಿ ಇರುವುದು ಒಂದೇ ಕಾಲಂ, ಡ್ರಿಲ್ಲಿಂಗ್ ಎಂದು. ಶಂಕು ಇಳಿಸಿದ್ದಕ್ಕೆ, ಸ್ಕೇಲು ವಾಲಿಸಿ ನೋಡಿದ್ದಕ್ಕೆ, ಗುಳಿಯನ್ನು ಕಣ್ಣಗನ್ನಡಿಯಲ್ಲಿ ಓದಿದ್ದಕ್ಕೆ, ಹಿತ್ತಾಳೆಗೆಂದು ಡ್ರಿಲ್ಲಿನ ಅಂಚು ಸವರಿದ್ದಕ್ಕೆ ಅಲ್ಲಿ ಜಾಗವಿಲ್ಲ. ಅವನ್ನೆಲ್ಲ ನಲವತ್ತು ಪಾಲು ಮಾಡಿ ತೂತಿನ ದರದಲ್ಲೇ ಸೇರಿಸಬೇಕು. ಮೇಸ್ತ್ರಿ ಸೇರಿಸುತ್ತಾರೆ, ಒಂದು ರೂಪಾಯಿಯೂ ಇಳಿಸುವುದಿಲ್ಲ. ಬಂದವನು ಅಲ್ಲಿಯೇ ನಿಂತು ಯಾರಿಗೋ ಫೋನು ಹಚ್ಚಿ ಮಾತಾಡಿ, ಕವರನ್ನು ಬೆಂಚಿನ ಮೇಲಿಟ್ಟು, ಅಡ್ವಾನ್ಸ್ ಎಷ್ಟು ಎಂದು ಕೇಳುತ್ತಾನೆ.